ಕುರ್ಚಿ ಬಿಡುವುದೂ ಒಂದು ಕೆಲಸ: ಬಿ. ಡಿ. ಜತ್ತಿಯವರ ಕುರಿತು ನಂದಗಡದಲ್ಲಿ ಒಂದು ಸಂವಾದ

ಇಬ್ಬರೂ ನಂದಗಡದವರು. ಒಬ್ಬರು ಖಾನಾಪುರ, ಬೆಳಗಾವಿ ಕೋರ್ಟುಗಳಲ್ಲಿ ಜಮೀನಿನ ದಾವೆಗಳನ್ನು ನಡೆಸಿ ಈಗ ಮನೆಯಲ್ಲಿರುವ ಹಿರಿಯ ವಕೀಲರು. ಇನ್ನೊಬ್ಬರು ಅವರ ಅಣ್ಣನ ಮಗಳು, ಗ್ರಾಮ ಪಂಚಾಯಿತಿಗೆ ಹೊಸದಾಗಿ ಆರಿಸಿ ಬಂದವರು. ತಾಲೂಕಿನ ಮಹಿಳಾ ಸದಸ್ಯರ ಸಭೆಯಲ್ಲಿ ಬಿ. ಡಿ. ಜತ್ತಿಯವರ ಬಗ್ಗೆ ಮಾತಾಡಬೇಕೆಂದು ಆಕೆಗೆ ಹೇಳಿದ್ದಾರೆ. ಆ ತಯಾರಿಯ ನಡುವೆ ನಡೆದ ಮಾತು ಇದು.

ಸದಸ್ಯೆ: ಕಾಕಾ, ಬಸಪ್ಪ ದಾನಪ್ಪ ಜತ್ತಿಯವರ ಬಗ್ಗೆ ಸಿಕ್ಕಿದ್ದೆಲ್ಲಾ ಬರದು ಇಟ್ಟೀನ್ರಿ. ಓದಿ ನೋಡಿದ್ರ ಬರೇ ಹುದ್ದೆಗಳ ಪಟ್ಟಿ ಆಗೈತಿ. ಜಮಖಂಡಿ ಪುರಸಭಾ ಸದಸ್ಯ, ಅಲ್ಲೇ ಅಧ್ಯಕ್ಷ, ಸಂಸ್ಥಾನದ ಮುಖ್ಯಮಂತ್ರಿ, ಮುಂಬೈ ಸರಕಾರದಾಗ ಉಪಮಂತ್ರಿ, ಮೈಸೂರು ರಾಜ್ಯದ ಮುಖ್ಯಮಂತ್ರಿ, ಪಾಂಡಿಚೇರಿಗೆ ಲೆಫ್ಟಿನೆಂಟ್ ಗವರ್ನರ್, ಒಡಿಶಾಕ್ಕ ರಾಜ್ಯಪಾಲ, ಉಪರಾಷ್ಟ್ರಪತಿ, ಕಡೀಕ ಹಂಗಾಮಿ ರಾಷ್ಟ್ರಪತಿ. ಇಷ್ಟು ಕುರ್ಚಿ ಸಿಕ್ಕ ಒಬ್ಬ ಮನುಷ್ಯಾ ಪಂಚಾಯಿತಿಯ ಹೆಣ್ಮಕ್ಕಳಿಗೆ ಏನು ಕಲಿಸ್ತಾನ? ಅದನ್ನ ಹೇಳಾಕ ನನಗ ಬರವಲ್ದು.

ವಕೀಲರು: ಪಟ್ಟಿ ಅದ ಇರಲಿ, ಪ್ರಶ್ನೆ ಬದಲ ಮಾಡು ಮಗಳ. ಯಾವ ಕುರ್ಚಿ ಮ್ಯಾಲ ಕುಂತ್ರು ಅಂತ ಕೇಳಬ್ಯಾಡ. ಯಾವ ಕುರ್ಚಿಯಿಂದ ಹೆಂಗ ಎದ್ರು ಅಂತ ಕೇಳು. ಸರಕಾರಿ ನೌಕರ ವರ್ಗ ಆಗಿ ಹೋಗಾಗ ಬಂದವನಿಗೆ ಚಾರ್ಜು ಕೊಟ್ಟು ಹೋಗ್ತಾನ. ನಮ್ಮ ರಾಜಕಾರಣಿಗಳಿಗೆ ಬಾರದ ಕೆಲಸ ಅಂದ್ರ ಅದ ಒಂದು. ಜತ್ತಿಯವರ ಬದುಕು ತಗದು ನೋಡು. ಅಧಿಕಾರ ಹಿಡಿದದ್ದಕ್ಕಿಂತಾ ಅದನ್ನ ಸರಿಯಾಗಿ ಇನ್ನೊಬ್ಬರ ಕೈಯಾಗ ಇಟ್ಟದ್ದು ಹೆಚ್ಚು ಕಾಣ್ತೈತಿ.

ಸದಸ್ಯೆ: ಮಾತು ಚಂದ ಐತ್ರಿ. ಆದ್ರ ಕೇಳಿದ ಕೂಡ್ಲೆ ಒಪ್ಪೂದಿಲ್ಲ ನಾನು. ಮೊದಲಿಂದ ಹೇಳ್ರಿ.

ವಕೀಲರು: ಹುಟ್ಟಿದ್ದು 1912ರಾಗ, ಜಮಖಂಡಿ ತಾಲೂಕಿನ ಸಾವಳಗಿಯೊಳಗ. ಆಗ ಅದು ಪಟವರ್ಧನ ಮನೆತನದ ಸಣ್ಣ ಸಂಸ್ಥಾನ. ಕೊಲ್ಲಾಪುರದ ರಾಜಾರಾಮ್ ಕಾಲೇಜಿನ್ಯಾಗ ಓದಿದ್ರು, ಅಲ್ಲೇ ಸೈಕ್ಸ್ ಲಾ ಕಾಲೇಜಿನ್ಯಾಗ ಕಾಯ್ದೆ ಕಲಿತ್ರು, ಜಮಖಂಡಿಗೆ ಬಂದು ವಕೀಲಿ ಹಿಡಿದ್ರು. 1940ರಾಗ ಪುರಸಭೆಗೆ ಆರಿಸಿ ಬಂದ್ರು, 1945ಕ್ಕ ಅಧ್ಯಕ್ಷರಾದ್ರು. ಒಬ್ಬ ಮನುಷ್ಯಾ ರಾಷ್ಟ್ರಪತಿ ಭವನಕ್ಕ ಹೋಗೂ ದಾರಿ ನಳ, ಗಟಾರ, ಬೀದಿ ದೀಪದಿಂದ ಸುರು ಆತು. ನಿನ್ನ ಹೆಣ್ಮಕ್ಕಳಿಗೆ ಮೊದಲನೇ ಮಾತು ಇದ ಆಗಬೇಕು.

ಸದಸ್ಯೆ: ಅದು ಎಲ್ಲಾರೂ ಹೇಳೂ ಮಾತಲ್ರಿ? ಸಣ್ಣಾವ ದೊಡ್ಡಾವ ಆದ ಅಂತ.

ವಕೀಲರು: ನಾನು ದೊಡ್ಡಾವ ಆದದ್ದನ್ನ ಹೇಳಾಕತ್ತಿಲ್ಲ. ಪುರಸಭೆಯೊಳಗ ಕುಂತವನಿಗೆ ಒಂದು ಗೊತ್ತಾಗ್ತೈತಿ: ತನ್ನ ಸಹಿಯ ಪರಿಣಾಮ ಮರುದಿನಾ ಮುಂಜಾನೆ ತನ್ನ ಮನಿ ಮುಂದ ಬಂದು ನಿಲ್ತೈತಿ. ನೀರು ಬರಲಿಲ್ಲಂದ್ರ ಮಂದಿ ಹೆಸರು ಹಿಡಿದು ಕರೀತಾರ. ಸಹಿಗೂ ಪರಿಣಾಮಕ್ಕೂ ನಡುವ ಅಷ್ಟು ಕಡಿಮಿ ಅಂತರ ಇರೂ ಜಾಗಾ ಆಡಳಿತದಾಗ ಇನ್ನೊಂದಿಲ್ಲ. ಈಗ 1948ಕ್ಕ ಬಾ. ಆ ವರ್ಷ ಜತ್ತಿಯವರು ಜಮಖಂಡಿ ಸಂಸ್ಥಾನದ ಮುಖ್ಯಮಂತ್ರಿ, ಅಂದ್ರ ದಿವಾನರ ಸ್ಥಾನ. ಮೂವತ್ತಾರರ ಆಸುಪಾಸಿನ ವಯಸ್ಸು. ಆಗ ಅವರು ಮಾಡಿದ ದೊಡ್ಡ ಕೆಲಸ ಏನು ಗೊತ್ತೇನು? ಸಂಸ್ಥಾನವನ್ನ ಭಾರತದೊಳಗ ಸೇರಿಸೂದು. ಮಹಾರಾಜ ಶಂಕರರಾವ್ ಪಟವರ್ಧನರ ಜೋಡಿ ಜಗಳ ಇಲ್ಲದ ಆ ಕೆಲಸ ಮುಗೀತು. 1948ರ ಮಾರ್ಚ್ 8ಕ್ಕ ಜಮಖಂಡಿ ಮುಂಬೈ ಪ್ರಾಂತದಾಗ ವಿಲೀನ ಆತು.

ಸದಸ್ಯೆ: ಅಂದ್ರ ತಮ್ಮ ಹುದ್ದೆ ತಾವ ತಗದು ಹಾಕಿದ್ರು.

ವಕೀಲರು: ಹೌದು. ತಾನು ಯಾವ ರಾಜ್ಯದ ಮುಖ್ಯಮಂತ್ರಿಯೋ ಆ ರಾಜ್ಯನ ಇಲ್ಲದಂಗ ಮಾಡೂ ಕಾಗದ ಪತ್ರ ತಯಾರು ಮಾಡೂದು ಅಂದ್ರ ಹಗುರ ಮಾತಲ್ಲ. ಆ ವರ್ಷ ದೇಶದಾಗ ಎಷ್ಟೋ ಸಂಸ್ಥಾನ ಸೇರಿದ್ವು. ಎಲ್ಲಾ ಕಡೆ ಅದು ಸರಳ ಆಗಿರಲಿಲ್ಲ. ನಮ್ಮ ಬಾಜೂಕ ಹೈದರಾಬಾದಿಗೆ ಆ ಸಪ್ಟೆಂಬರದಾಗ ಸೈನ್ಯಾನ ಹೋಗಬೇಕಾತು. ಜತ್ತಿಯವರು ಚಾರ್ಜು ಕೊಟ್ಟು ಮನಿಗೆ ಬಂದು, ಮತ್ತ ಕರೀ ಕೋಟು ಹಾಕ್ಕೊಂಡು ಕೋರ್ಟಿಗೆ ಹೋದ್ರು. ಇಪ್ಪತ್ತು ತಿಂಗಳು ವಕೀಲಿ ಮಾಡಿದ್ರು. ಆಮ್ಯಾಲ ವಿಲೀನ ಆದ ಪ್ರದೇಶದ ಪರವಾಗಿ ಮುಂಬೈ ವಿಧಾನಸಭೆಗೆ ನೇಮಕ ಆದ್ರು, ಮುಖ್ಯಮಂತ್ರಿ ಬಿ. ಜಿ. ಖೇರರಿಗೆ ಸಂಸದೀಯ ಕಾರ್ಯದರ್ಶಿ ಆದ್ರು. 1952ರ ಚುನಾವಣೆ ಆದಮ್ಯಾಲ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿ. ಹಿಂದ ಮುಖ್ಯಮಂತ್ರಿ ಆಗಿದ್ದವರು ಈಗ ಉಪಮಂತ್ರಿ. ಅದಕ್ಕ ಬ್ಯಾಸರ ಮಾಡಿಕೊಳ್ಳಲಿಲ್ಲ.

ಸದಸ್ಯೆ: ಸಂಸ್ಥಾನ ಸಣ್ಣದು ಇತ್ತಲ್ರಿ ಕಾಕಾ. ನಾ ಕೇಳೂದು ಅದಲ್ಲ. ನಮ್ಮ ಖಾನಾಪುರ ತಾಲೂಕಿಗೆ ಅವರಿಂದ ಏನಾತು? ನೀವು ಇಡೀ ಆಯುಷ್ಯ ಹೊಲದ ದಾವಾ ನಡಿಸೀರಿ. ನೀವ ಹೇಳ್ರಿ, ಕುಳಗಳಿಗೆ, ಅಂದ್ರ ಗೇಣಿ ಹೊಲ ಮಾಡೂ ರೈತರಿಗೆ, ಅವರು ಮಾಡಿದ್ದು ನ್ಯಾಯನ?

ವಕೀಲರು: ಬಂದಿ ನೋಡು ಸರಿಯಾದ ಜಾಗಾಕ್ಕ. 1956ರ ನವೆಂಬರ್ 1ಕ್ಕ ಬೆಳಗಾವಿ ಜಿಲ್ಲಾ ಮೈಸೂರು ರಾಜ್ಯಕ್ಕ ಬಂತು. ಚಂದಗಡ ತಾಲೂಕು ಒಂದು ಮುಂಬೈಯಾಗ ಉಳೀತು. ಹೊಸ ರಾಜ್ಯದಾಗ ಐದು ಕಡಿಯಿಂದ ಬಂದ ಐದು ನಮೂನೆಯ ಜಮೀನಿನ ಕಾಯ್ದೆ: ಹಳೇ ಮೈಸೂರಿಂದು ಒಂದು, ಮುಂಬೈದು ಒಂದು, ಹೈದರಾಬಾದಿಂದು, ಮದ್ರಾಸಿಂದು, ಕೊಡಗಿಂದು. ಇವನ್ನೆಲ್ಲಾ ಒಂದು ಮಾಡಾಕ 1957ರಾಗ ಸರಕಾರ ಒಂದು ಸಮಿತಿ ಮಾಡಿತು. ಅದರ ಅಧ್ಯಕ್ಷರು ಜತ್ತಿ. ಆ ವರದಿ ಮ್ಯಾಲನ 1961ರ ಮೈಸೂರು ಭೂಸುಧಾರಣಾ ಕಾಯ್ದೆ ನಿಂತದ್ದು. ಅದು ಪಾಸಾಗೂ ಹೊತ್ತಿಗೆ ಮುಖ್ಯಮಂತ್ರಿಯೂ ಅವರ.

ಸದಸ್ಯೆ: ಈಗ ನಾ ಓದಿದ್ದು ಹೇಳ್ತೀನಿ. ಮುಂಬೈ ಸರಕಾರ 1948ರ ಕುಳ ಕಾಯ್ದೆಗೆ ತಿದ್ದುಪಡಿ ತಂದು 1957ರ ಏಪ್ರಿಲ್ 1 ‘ಉಳುವವರ ದಿನ’ ಅಂತ ಸಾರಿತ್ತು. ಆ ದಿನ ಹೊಲದಾಗ ಕುಳ ಆಗಿದ್ದಾವ ಆ ಹೊಲ ಕೊಂಡಂಗ ಅಂತ ತಿಳೀಬೇಕು. ಚಂದಗಡದ ಕುಳಕ್ಕ ಆ ಕಾಯ್ದೆ ಸಿಕ್ತು. ಐದು ತಿಂಗಳು ಮೊದಲು ಗಡಿ ಈ ಕಡೆ ಬಂದ ನಂದಗಡದ ಕುಳ ಮಾತ್ರ, ಏಕರೂಪದ ಕಾಯ್ದೆ ಬರೂತನಕ ಕಾಯಬೇಕಾತು. 1961ಕ್ಕ ಕಾಯ್ದೆ ಆತು, ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕ. ಅದರಾಗೂ ‘ಸ್ವಂತ ಸಾಗುವಳಿ ಮಾಡ್ತೀನಿ’ ಅಂತ ಮಾಲಕ ಹೊಲ ತಿರುಗಿ ತಗೊಳ್ಳಾಕ ದಾರಿ ಇಟ್ಟಿದ್ರು. ಕಾಯ್ದೆ ಬರ್ತೈತಿ ಅಂತ ಎಂಟು ವರ್ಷ ಮೊದಲ ಮಾಲಕರಿಗೆ ಗೊತ್ತಿದ್ರ ಅವರು ಏನು ಮಾಡ್ತಾರ? ಕೋರಿಗೆ, ಲಾವಣಿಗೆ ಮಾಡೂ ಬಡವರನ್ನ ಬಿಡಿಸ್ತಾರ, ಉತಾರದಾಗ ಹೆಸರು ತಗಸ್ತಾರ. ಇದಕ್ಕ ನೀವು ಸರಿಯಾಗಿ ಚಾರ್ಜು ಕೊಟ್ರು ಅಂತೀರೇನು?

ವಕೀಲರು: ಇಲ್ಲ. ಇದಕ್ಕ ನಾನು ಸಮಾಧಾನ ಹೇಳೂದಿಲ್ಲ. ನೀ ಹೇಳಿದ ಒಂದೊಂದು ಮಾತೂ ಖರೆ. 1957ರಿಂದ 1965ರ ತನಕದ ಆ ಎಂಟು ವರ್ಷ ನಮ್ಮ ಕಡೆ ಬಡ ಕುಳಗಳಿಗೆ ಭಾಳ ಕೆಟ್ಟ ವರ್ಷ. ಮಧ್ಯದ ದಾರಿ ಹುಡುಕೂ ಸ್ವಭಾವದ ಬೆಲೆ ಅದು. ಎಲ್ಲಾರನ್ನೂ ಒಂದ ಮೇಜಿನ ಸುತ್ತ ಕುಂದರಿಸಿ ಮಾತಾಡೂದರೊಳಗ, ಮೇಜಿನ ಹತ್ತರ ಕುರ್ಚಿನ ಇಲ್ಲದವನ ಹೊಲ ಹೋಗ್ತೈತಿ. ಸಭಾದಾಗ ಇದನ್ನ ಮುಚ್ಚಿ ಮಾತಾಡಬ್ಯಾಡ.

ಸದಸ್ಯೆ: ಮತ್ತ ದೇವರಾಜ ಅರಸರು ಮುಖ್ಯಮಂತ್ರಿ ಆಗಿ ಬರೂತನಕ ಏನೂ ಆಗಲಿಲ್ಲ.

ವಕೀಲರು: ಅರಸರು 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ಕಿತ್ತು ಹಾಕಿದ್ರು. ಗೇಣಿಯ ಹೊಲ ಎಲ್ಲಾ ಸರಕಾರಕ್ಕ ಸೇರ್ತು, ಭೂ ನ್ಯಾಯಮಂಡಳಿ ಬಂದ್ವು, ಮಂದಿ 7ನೇ ನಮೂನೆಯ ಅರ್ಜಿ ಹಿಡಿದು ಸಾಲು ನಿಂತ್ರು. ಧೈರ್ಯ ಅರಸರದು. ಅದರಾಗ ಎರಡು ಮಾತಿಲ್ಲ. ಆದ್ರ ಅವರು ಹೊಸಾ ಕಾಯ್ದೆ ಬರೀಲಿಲ್ಲ. 1961ರ ಕಾಯ್ದೆಗೆ ತಿದ್ದುಪಡಿ ಮಾಡಿದ್ರು. ಐದು ಹರಕು ಕಾಯ್ದೆ ಹಂಗ ಉಳಿದಿದ್ರ ಬೀದರಿನಿಂದ ಮಂಗಳೂರಿನ ತನಕ ಒಂದ ದಿನ, ಒಂದ ನಮೂನೆಯ ಅರ್ಜಿ ಮ್ಯಾಲ ಗೇಣಿ ತಗಿಯೂದು ಆಗ್ತಿರಲಿಲ್ಲ. ಜತ್ತಿಯವರ ಕಾಯ್ದೆ ಸಾಕಾಗಲಿಲ್ಲ, ಆದ್ರ ಮುಂದಿನವರಿಗೆ ಹಿಡಿಯಾಕ ಒಂದು ಹಿಡಿಕಿ ಅದರಾಗ ಇತ್ತು. ಎರಡೂ ಹೇಳು.

ಸದಸ್ಯೆ: ಎರಡೂ ಹೇಳ್ತೀನಿ. ಆದ್ರ ಕಾಕಾ, ಇದು ಸಂಗೊಳ್ಳಿ ರಾಯಣ್ಣನ ಊರು. ಬ್ಯಾರೆ ಜಿಲ್ಲಾದಿಂದ ಮಂದಿ ಬರೂದು ಅವನ ಸಮಾಧಿ ನೋಡಾಕ. ಜಮೀನು ಕಿತ್ತುಗೊಂಡ ಕುಂಪಣಿ ಸರಕಾರದ ವಿರುದ್ಧ ಹಿಂದ ಮುಂದ ನೋಡದ ಎದ್ದು ನಿಂತ, 1831ರ ಜನವರಿ 26ಕ್ಕ ಇಲ್ಲೇ ಅವನನ್ನ ಗಲ್ಲಿಗೆ ಹಾಕಿದ್ರು. ಅಂಥಾವನ ಊರಾಗ ನಿಂತು, ಮಧ್ಯದ ದಾರಿ ಹುಡುಕಿದವರ ಬಗ್ಗೆ ಮಾತಾಡಾಕ ನನಗ ಒಂದೀಟು ಸಂಕೋಚ.

ವಕೀಲರು: ಸಂಕೋಚ ಯಾಕ? ರಾಯಣ್ಣನ ಮುಂದ ಇದ್ದದ್ದು ಪರಕೀಯರ ಕಚೇರಿ. ಅದರ ದಫ್ತರದಾಗ ನಮ್ಮ ಮಂದಿಯ ಹೊಲ ಬ್ಯಾರೆಯವರ ಹೆಸರಿಗೆ ಏರ್ತಿತ್ತು. ಅದನ್ನ ಸುಡೂದು ಅವನ ಧರ್ಮ. ಈಗ ಕಚೇರಿ ನಮ್ಮದು, ದಫ್ತರಾನೂ ನಮ್ಮದು. ಬೆಂಕಿ ಹಚ್ಚಿದ್ರ ಸುಡೂದು ನಿನ್ನ ಉತಾರ. ರಾಯಣ್ಣ ಯಾವುದಕ್ಕ ಜೀವ ಕೊಟ್ಟನೋ ಅದನ್ನ ದಿನಾ ನಡಿಸಿಕೊಂಡು ಹೋಗಾಕ ಇನ್ನೊಂದು ನಮೂನೆಯ ಮಂದಿ ಬೇಕಾಗ್ತಾರ. ಅವರಿಗೆ ಜಾತ್ರಿ ಆಗೂದಿಲ್ಲ, ಆಗಲೂ ಬೇಕಿಲ್ಲ. ಆದ್ರ ಅವರಿಲ್ಲದ ಗೆದ್ದ ರಾಜ್ಯ ಉಳಿಯೂದಿಲ್ಲ. ನೀ ಕುಂತ ಕುರ್ಚಿನ ತಗೊ. ಮೈಸೂರು ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ ಆದದ್ದು 1959ರಾಗ, ಜತ್ತಿಯವರ ಸರಕಾರದಾಗ. ಊರಿಗೆ ಪಂಚಾಯಿತಿ, ತಾಲೂಕಿಗೆ ಮಂಡಳಿ, ಜಿಲ್ಲಾಕ್ಕ ಅಭಿವೃದ್ಧಿ ಪರಿಷತ್ತು, ಹಿಂಗ ಮೂರು ಮೆಟ್ಟಲು. ಹೊಸ ರಾಜ್ಯಕ್ಕೆಲ್ಲಾ ಒಂದ ಕಾಯ್ದೆ. ಮುಂದ 1983ರಾಗ ಮುಖ್ಯಮಂತ್ರಿ ಹೆಗಡೆ, ಮಂತ್ರಿ ನಜೀರ್ ಸಾಬ್ ಅದನ್ನ ಬದಲಿಸಿದ್ರು, 1993ರಾಗ ಈಗಿನ ಕಾಯ್ದೆ ಬಂತು. ನಿನ್ನಂಥ ಹೆಣ್ಮಕ್ಕಳು ಅರ್ಧಕ್ಕರ್ಧ ಬಂದದ್ದು ಆಮ್ಯಾಲಿನ ಮಾತು. ಮೊದಲ ಮೆಟ್ಟಲು ಹಾಕಿದವರು ಪುರಸಭೆಯಿಂದ ಬಂದ ಮನುಷ್ಯಾ ಅನ್ನೂದನ್ನ ಮರೀಬ್ಯಾಡ.

ಸದಸ್ಯೆ: ಅದು ನನಗ ಗೊತ್ತಿರಲಿಲ್ಲ. ಹಂಗಿದ್ರ ಮಹಾರಾಷ್ಟ್ರದ ಜೋಡಿ ಇರೂ ಗಡಿ ತಂಟೆಯ ಮಾತೂ ಕೇಳಬೇಕು. ಅದು ಬಿಟ್ಟು ನಂದಗಡದಾಗ ಮುಖ್ಯಮಂತ್ರಿಗಳ ಬಗ್ಗೆ ಮಾತಾಡಾಕ ಆಗೂದಿಲ್ಲ.

ವಕೀಲರು: ಜತ್ತಿ ಮುಖ್ಯಮಂತ್ರಿ ಆದದ್ದು 1958ರ ಮೇ 16ಕ್ಕ, ನಿಜಲಿಂಗಪ್ಪನವರು ರಾಜೀನಾಮೆ ಕೊಟ್ಟಮ್ಯಾಲ. ಗಡಿಯೊಳಗ ಆಗ ಸತ್ಯಾಗ್ರಹದ ಕಾಲ. 1960ರ ಮೇ 1ಕ್ಕ ಮಹಾರಾಷ್ಟ್ರ ರಾಜ್ಯ ಹುಟ್ಟಿತು. ಮರುತಿಂಗಳು ಎರಡೂ ಸರಕಾರ ಸೇರಿ ನಾಲ್ಕು ಮಂದಿಯ ಸಮಿತಿ ಮಾಡಿದ್ವು, ಈ ಕಡಿಯವರು ಇಬ್ರು, ಆ ಕಡಿಯವರು ಇಬ್ರು. ಒಮ್ಮತ ಆಗಲಿಲ್ಲ. 1966ರಾಗ ಮಹಾಜನ ಆಯೋಗ ಬಂತು, 1967ಕ್ಕ ವರದಿ ಕೊಟ್ಟಿತು. ಬೆಳಗಾವಿ ಶಹರ ಇಲ್ಲೇ ಇರಲಿ ಅಂತು. ನಿಪ್ಪಾಣಿ, ಖಾನಾಪುರ, ನಮ್ಮ ನಂದಗಡ ಮಹಾರಾಷ್ಟ್ರಕ್ಕ ಹೋಗಲಿ, ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರದ ಹಳ್ಳಿಗಳು ಈ ಕಡೆ ಬರಲಿ ಅಂತು. ಅದು ಜಾರಿ ಆಗಲಿಲ್ಲ. 2004ರಾಗ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಗೈತಿ.

ಸದಸ್ಯೆ: ಅಂದ್ರ ಒಂದು ವರದಿಯೊಳಗ ನಮ್ಮೂರಿನ ಹೆಸರು ಕೊಡೂ ಪಟ್ಟಿಯಾಗ ಐತಿ. ಮುಂಬೈ ವಿಧಾನಸಭೆಯಾಗ ಕುಂತು ಬಂದು, ಈ ಕಡೆ ಮುಖ್ಯಮಂತ್ರಿ ಆದ ಜತ್ತಿಯವರಿಂದನೂ ಇದು ಬಗೀಹರೀಲಿಲ್ಲ.

ವಕೀಲರು: ಬಗೀಹರೀಲಿಲ್ಲ. ಕೆಲವು ಕೆಲಸ ಒಬ್ಬರ ಕಾಲದಾಗ ಮುಗಿಯೂದಿಲ್ಲ. ಆದ್ರ ಗಡಿ ಬಗೀಹರಿಯೂತನಕ ಊರು ನಿಂತಲ್ಲೇ ನಿಲ್ಲಾಕ ಆಗೂದಿಲ್ಲ. ನಿನ್ನ ಪಂಚಾಯಿತಿಯೊಳಗ ಕನ್ನಡದವರೂ ಅದಾರ, ಮರಾಠಿಯವರೂ ಅದಾರ. ಠರಾವು ಕನ್ನಡದಾಗ ಬರೀರಿ, ಅದು ನಮ್ಮ ರಾಜ್ಯದ ಆಡಳಿತ ಭಾಷೆ. ಮರಾಠಿ ಮಾತಾಡೂ ಅಕ್ಕನಿಗೆ ಅದು ತಿಳಿಯೂ ಹಾಂಗ ಬಾಯಿಲೆ ಹೇಳು. ಆಮ್ಯಾಲನ ಅಕಿ ಸಹಿ ಹಾಕಲಿ.

ಸದಸ್ಯೆ: ಅದನ್ನ ಈಗಾಗಲೇ ಮಾಡಾಕತ್ತೀನ್ರಿ. 1962ರಾಗ ಅವರು ಕುರ್ಚಿ ಬಿಟ್ಟದ್ದು ಹೆಂಗ?

ವಕೀಲರು: ಆ ವರ್ಷದ ಚುನಾವಣೆಯೊಳಗ ಜತ್ತಿ ಜಮಖಂಡಿಯಿಂದ ಗೆದ್ರು. ನಿಜಲಿಂಗಪ್ಪ ಹೊಸದುರ್ಗದಾಗ ಸೋತ್ರು. ಆದ್ರೂ ಪಕ್ಷದ ಒಳಗಿನ ಬಲ ನಿಜಲಿಂಗಪ್ಪನವರ ಕಡೆ ಇತ್ತು. ಎಸ್. ಆರ್. ಕಂಠಿಯವರು ಮೂರು ತಿಂಗಳು ಮುಖ್ಯಮಂತ್ರಿ ಆಗಿದ್ದು, ನಿಜಲಿಂಗಪ್ಪ ಉಪಚುನಾವಣೆಯಾಗ ಗೆದ್ದು ಬಂದಮ್ಯಾಲ ಜೂನದಾಗ ಜಾಗಾ ಬಿಟ್ಟುಕೊಟ್ರು. ಜತ್ತಿಯವರು ಜುಲೈದಾಗ ಅದ ನಿಜಲಿಂಗಪ್ಪನವರ ಸಂಪುಟ ಸೇರಿ ಹಣಕಾಸು ಮಂತ್ರಿ ಆದ್ರು. ನಾಲ್ಕು ವರ್ಷ ಮುಖ್ಯಮಂತ್ರಿ ಆಗಿದ್ದವರು! ಇವತ್ತಾಗಿದ್ರ ಮರುದಿನ ಹೊಸಾ ಪಕ್ಷ ಹುಟ್ತಿತ್ತು.

ಸದಸ್ಯೆ: ಅದನ್ನ ಇನ್ನೊಂದು ರೀತಿಲೆ ನೋಡಬಹುದಲ್ರಿ. ಯಾರಿಗೂ ತ್ರಾಸ ಕೊಡದವರಿಗೆ ಹುದ್ದೆ ತಾವಾಗಿ ಬರ್ತಾವ. 1968ರಾಗ ಪಾಂಡಿಚೇರಿ, 1972ರಾಗ ಒಡಿಶಾ. ಒಡಿಶಾದಾಗ ಏನು ಮಾಡಿದ್ರು ನೋಡ್ರಿ. 1973ರ ಮಾರ್ಚದಾಗ ನಂದಿನಿ ಸತ್ಪತಿಯವರ ಸರಕಾರ ಬಹುಮತ ಕಳಕೊಂಡಿತು. ವಿರೋಧ ಪಕ್ಷದ ಬಿಜು ಪಟ್ನಾಯಕ್ ತಮ್ಮ ಕಡೆ ಬಹುಮತ ಐತಿ ಅಂತ ಹೇಳಿದ್ರು. ರಾಜ್ಯಪಾಲ ಜತ್ತಿಯವರು ಅವರಿಗೆ ಕರೆ ಕೊಡಲಿಲ್ಲ. ಇವರ ಶಿಫಾರಸಿನ ಮ್ಯಾಲ ವಿಧಾನಸಭೆ ವಿಸರ್ಜನೆ ಆತು, ರಾಷ್ಟ್ರಪತಿ ಆಡಳಿತ ಬಂತು. ಪ್ರಕರಣ ಹೈಕೋರ್ಟಿಗೂ ಹೋತು. ಬಹುಮತ ಎಷ್ಟು ಅಂತ ಎಣಿಸೂ ಜಾಗಾ ಸದನ. ರಾಜಭವನ ಅಲ್ಲ.

ವಕೀಲರು: ಒಪ್ಪಿದೆ. ಅಲ್ಲಿ ಅವರು ಅಧಿಕಾರವನ್ನ ಸರಿಯಾದ ಕೈಗೆ ಕೊಡಲಿಲ್ಲ. ನಾ ಹಿಡಿದ ಅಳತಿಯಿಂದನ ಅಳದ್ರೂ ಅದು ಸೋಲು.

ಸದಸ್ಯೆ: ಮುಂದ ತುರ್ತು ಪರಿಸ್ಥಿತಿ. 1974ರ ಆಗಸ್ಟದಾಗ ಎನ್. ಇ. ಹೋರೊ ಅವರನ್ನ 521ಕ್ಕ 141 ಮತಗಳಿಂದ ಸೋಲಿಸಿ ಉಪರಾಷ್ಟ್ರಪತಿ ಆದ್ರು. 1975ರ ಜೂನದಿಂದ ವಿರೋಧ ಪಕ್ಷದ ಎಷ್ಟೋ ನಾಯಕರು ಜೈಲಿನ್ಯಾಗ. ರಾಜ್ಯಸಭೆಯ ಸಭಾಪತಿ ಕುರ್ಚಿ ಮ್ಯಾಲ ಇವರು. ಸಂವಿಧಾನದ 42ನೇ ತಿದ್ದುಪಡಿ ಆ ಸದನ ದಾಟಿ ಹೋತು. ಇವರು ಹುದ್ದೆ ಬಿಡಲಿಲ್ಲ. ಕುರ್ಚಿ ಬಿಡೂದರಾಗ ಜಾಣ್ರು ಅಂತೀರಲ್ಲ, ಬಿಡಬೇಕಾದ ಹೊತ್ತಿನ್ಯಾಗ ಬಿಟ್ರೇನು?

ವಕೀಲರು: ಬಿಡಲಿಲ್ಲ. ಆ ಮೌನಕ್ಕ ನನ್ನ ಹತ್ತರನೂ ಉತ್ತರ ಇಲ್ಲ. ಬಸವಣ್ಣನ ಹೆಸರಿನ್ಯಾಗ 1964ರಾಗ ಬೆಂಗಳೂರಿನ್ಯಾಗ ಬಸವ ಸಮಿತಿ ಕಟ್ಟಿದ ಮನುಷ್ಯಾ ಅವರು. ಪದವಿಯ ಮ್ಯಾಲಿದ್ದೂ ಎದುರು ಮಾತಾಡಿದ ಬಸವಣ್ಣ ಅವರಿಗೆ ಗುರು. ಅದಕ್ಕ ಆ ಮೌನ ಇನ್ನೂ ಭಾರ ಆಗ್ತೈತಿ. ಆದ್ರ 1977ರ ಕತಿ ಕೇಳಿ ಆಮ್ಯಾಲ ತೀರ್ಪು ಕೊಡು.

ಸದಸ್ಯೆ: ಹೇಳ್ರಿ.

ವಕೀಲರು: 1977ರ ಫೆಬ್ರುವರಿ 11ಕ್ಕ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡ್ರು. ಅದ ದಿನ ಜತ್ತಿ ಹಂಗಾಮಿ ರಾಷ್ಟ್ರಪತಿ ಆದ್ರು. ಇಲ್ಲಿ ನಮ್ಮ ಸಂವಿಧಾನದ ಒಂದು ಜಾಣತನ ನೋಡು. ಅಮೆರಿಕಾದಾಗ 1974ರ ಆಗಸ್ಟ್ 9ಕ್ಕ ನಿಕ್ಸನ್ ರಾಜೀನಾಮೆ ಕೊಟ್ಟಾಗ ಉಪಾಧ್ಯಕ್ಷ ಜೆರಾಲ್ಡ್ ಫೋರ್ಡ್ ಪೂರ್ತಿ ಅಧ್ಯಕ್ಷನ ಆದ, ಉಳಿದ ಅವಧಿ ಎಲ್ಲಾ ನಡಿಸಿದ. ಫೋರ್ಡ್ ಆ ಎರಡೂ ಹುದ್ದೆಗೆ ಮಂದಿಯ ಮತದಿಂದ ಬಂದಾವ ಅಲ್ಲ. ನಮ್ಮಲ್ಲಿ ಹಂಗಿಲ್ಲ. ಉಪರಾಷ್ಟ್ರಪತಿ ಆ ಕೆಲಸ ನೋಡಿಕೊಳ್ತಾನ, ಆರು ತಿಂಗಳೊಳಗ ಹೊಸಬರನ್ನ ಆರಿಸಲೇಬೇಕು. ಅಂದ್ರ ಮೊದಲ ದಿನದಿಂದಲೇ ಚಾರ್ಜು ಕೊಡಾಕ ತಯಾರಾಗಿ ಕುಂದರಬೇಕಾದ ಕುರ್ಚಿ ಅದು.

ಸದಸ್ಯೆ: ಅದ ಹೊತ್ತಿನ್ಯಾಗ ಚುನಾವಣೆ.

ವಕೀಲರು: ಮಾರ್ಚದಾಗ ಚುನಾವಣೆ. ಇಂದಿರಾ ಗಾಂಧಿ ಸ್ವಂತ ಕ್ಷೇತ್ರದಾಗೂ ಸೋತ್ರು. ಜತ್ತಿ ಹುಟ್ಟಾ ಕಾಂಗ್ರೆಸ್ಸಿನವರು, ಅವರನ್ನ ಆ ಜಾಗಾಕ್ಕ ತಂದದ್ದೂ ಕಾಂಗ್ರೆಸ್ಸು. ಅಂಥಾವರ ಕೈಯಿಂದ ಮಾರ್ಚ್ 21ಕ್ಕ ತುರ್ತು ಪರಿಸ್ಥಿತಿ ಹಿಂದಕ್ಕ ಹೋತು. ಮಾರ್ಚ್ 24ಕ್ಕ ಮೊರಾರ್ಜಿ ದೇಸಾಯಿಯವರಿಗೆ ಅವರ ಪ್ರಮಾಣವಚನ ಬೋಧಿಸಿದ್ರು. ಸ್ವತಂತ್ರ ಭಾರತದಾಗ ದಿಲ್ಲಿಯ ಅಧಿಕಾರ ಮೊದಲ ಸಲ ಒಂದು ಪಕ್ಷದಿಂದ ಇನ್ನೊಂದು ಪಕ್ಷಕ್ಕ ಹೋದ ದಿನ ಅದು. ಆಕಡೆ ಈಕಡೆ ದೇಶಗಳೊಳಗ ಎಷ್ಟೋ ಸಲ ಅಧಿಕಾರ ಕೈ ಬದಲಾದದ್ದು ಬಂದೂಕಿನ ಬಲದಿಂದ. ನಮ್ಮಲ್ಲಿ ಆ ಬದಲಾವಣೆ ಒಂದು ಪ್ರಮಾಣವಚನದಾಗ ಮುಗೀತು. ಅದನ್ನ ಮಾಡಿಸಿದ್ದು ಮಂದಿಯ ಮತ, ಖರೆ. ಆದ್ರ ಆ ಕ್ಷಣಕ್ಕ ತಲಿ ಮ್ಯಾಲ ಕುಂತವರು ಅಡ್ಡ ಕಾಲು ಹಾಕಲಿಲ್ಲ ಅನ್ನೂದೂ ಇತಿಹಾಸನ.

ಸದಸ್ಯೆ: ಆದ್ರ ಏಪ್ರಿಲದಾಗ ಅಡ್ಡ ಹಾಕಿದ್ರಲ್ರಿ? ಒಂಬತ್ತು ರಾಜ್ಯದ ವಿಧಾನಸಭೆ ವಿಸರ್ಜನೆ ಮಾಡೂ ಕಾಗದಕ್ಕ ಸಹಿ ಹಾಕಾಕ ಹಿಂದ ಮುಂದ ನೋಡಿದ್ರು.

ವಕೀಲರು: ಅದನ್ನ ಬಿಡಿಸಿ ನೋಡೂಣು. ಉತ್ತರ ಪ್ರದೇಶ, ಬಿಹಾರ, ಪಂಜಾಬ, ಹರಿಯಾಣ, ಹಿಮಾಚಲ, ರಾಜಸ್ಥಾನ, ಮಧ್ಯಪ್ರದೇಶ, ಒಡಿಶಾ, ಪಶ್ಚಿಮ ಬಂಗಾಳ. ಅಲ್ಲಿ ಕಾಂಗ್ರೆಸ್ ಸರಕಾರ ಇದ್ವು. ಲೋಕಸಭಾ ಚುನಾವಣೆಯಾಗ ಆ ಪಕ್ಷ ಅಲ್ಲೆಲ್ಲಾ ಸೋತಿತ್ತು, ಅದಕ್ಕ ಈ ಸರಕಾರಗಳಿಗೂ ಮಂದಿಯ ಒಪ್ಪಿಗೆ ಉಳಿದಿಲ್ಲ ಅಂತ ಮೊರಾರ್ಜಿಯವರ ಜನತಾ ಸರಕಾರ ವಾದ ಮಾಡಿತು. ಗೃಹಮಂತ್ರಿ ಚರಣ್ ಸಿಂಗ್ ಏಪ್ರಿಲ್ 18ಕ್ಕ ಮುಖ್ಯಮಂತ್ರಿಗಳಿಗೆ ಪತ್ರ ಬರದ್ರು, ವಿಸರ್ಜನೆಗೆ ಶಿಫಾರಸು ಮಾಡ್ರಿ ಅಂತ. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದ್ವು, ಏಪ್ರಿಲ್ 29ಕ್ಕ ಅಲ್ಲಿ ಸೋತ್ವು. ಸಂಪುಟದ ಕಾಗದ ಜತ್ತಿಯವರ ಮುಂದ ಬಂತು. ಕೂಡ್ಲೆ ಸಹಿ ಹಾಕಲಿಲ್ಲ. ಬೀದಿಯೊಳಗ ಸಿಟ್ಟು ಎದ್ದಿತು, ಕಾಂಗ್ರೆಸ್ಸಿನ ಋಣ ತೀರಿಸಾಕತ್ತಾರ ಅಂದ್ರು. ಸಂಪುಟ ಮತ್ತ ಒತ್ತಿ ಹೇಳಿತು. ಏಪ್ರಿಲ್ 30ಕ್ಕ ಸಹಿ ಆತು.

ಸದಸ್ಯೆ: ಒಡಿಶಾದಾಗ ತಾವ ಶಿಫಾರಸು ಮಾಡಿದ್ದನ್ನ ಈಗ ತಡದ್ರು. ಇದು ತತ್ತ್ವನೋ ಪಕ್ಷದ ಮ್ಯಾಲಿನ ಮಮತೆಯೋ?

ವಕೀಲರು: ಮನಸಿನೊಳಗ ಇಣುಕಿ ನೋಡಾಕ ನಮಗ ಬರೂದಿಲ್ಲ. ಕಾಗದದ ಮ್ಯಾಲ ಇದ್ದದ್ದು ನೋಡೂಣು. ನೀ ಬೈದ ಆ 42ನೇ ತಿದ್ದುಪಡಿಯಿಂದ, ರಾಷ್ಟ್ರಪತಿ ಸಂಪುಟದ ಸಲಹೆಯಂತೆ ನಡೀಲೇಬೇಕು ಅಂತ 74ನೇ ವಿಧಿಯಾಗ ಬರದಿತ್ತು. ‘ಇನ್ನೊಮ್ಮೆ ವಿಚಾರ ಮಾಡ್ರಿ’ ಅನ್ನಾಕೂ ಅದರಾಗ ಜಾಗಾ ಇರಲಿಲ್ಲ. ಇಲ್ಲದಿದ್ದ ಆ ಜಾಗಾವನ್ನ ಜತ್ತಿ ಒಂದು ದಿನದ ಮಟ್ಟಿಗೆ ಹುಡುಕಿದ್ರು. ಮುಂದ ಅದ ಜನತಾ ಸರಕಾರ 44ನೇ ತಿದ್ದುಪಡಿ ತಂತು. ಸಲಹೆಯನ್ನ ಒಂದು ಸಲ ತಿರುಗಿ ಕಳಸೂ ಅಧಿಕಾರ ರಾಷ್ಟ್ರಪತಿಗೆ ಸಿಕ್ತು. ಅದ ಅಧಿಕಾರ ಹಿಡಕೊಂಡು ಕೆ. ಆರ್. ನಾರಾಯಣನ್ 1997ರಾಗ ಉತ್ತರ ಪ್ರದೇಶದ ಕಾಗದ, 1998ರಾಗ ಬಿಹಾರದ ಕಾಗದ ತಿರುಗಿ ಕಳಿಸಿದ್ರು.

ಸದಸ್ಯೆ: ಅಂದ್ರ ಅವರ ಅನುಮಾನ ಆಮ್ಯಾಲ ಕಾಯ್ದೆ ಆತು.

ವಕೀಲರು: ಅವರ ಒಬ್ಬರಿಂದ ಆತು ಅಂತ ಹೇಳೂದಿಲ್ಲ. ಆದ್ರ ಆ ಪ್ರಶ್ನೆ ದೊಡ್ಡದು ಅಂತ ಮುಂದಿನ ದಿನಗಳು ತೋರಿಸಿದ್ವು. 1980ರ ಫೆಬ್ರುವರಿಯಾಗ ಇಂದಿರಾ ಗಾಂಧಿ ತಿರುಗಿ ಬಂದು ತಾವೂ ಒಂಬತ್ತು ವಿಧಾನಸಭೆ ವಿಸರ್ಜನೆ ಮಾಡಿದ್ರು. ಜನತಾದವರು ಹಾಕಿದ ದಾರಿಯೊಳಗ ಕಾಂಗ್ರೆಸ್ ನಡೀತು. 1989ರ ಏಪ್ರಿಲದಾಗ ನಮ್ಮ ರಾಜ್ಯದ ಎಸ್. ಆರ್. ಬೊಮ್ಮಾಯಿಯವರ ಸರಕಾರ ಹೋತು, ಸದನದಾಗ ಬಹುಮತ ತೋರಸಾಕ ಅವರಿಗೆ ಅವಕಾಶನ ಕೊಡಲಿಲ್ಲ. ಬೊಮ್ಮಾಯಿ ಕೋರ್ಟಿಗೆ ಹೋದ್ರು. 1994ರ ಮಾರ್ಚ್ 11ಕ್ಕ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಕೊಟ್ರು: ಬಹುಮತದ ಪರೀಕ್ಷೆ ಸದನದಾಗ ಆಗಬೇಕು, ರಾಷ್ಟ್ರಪತಿ ಆಡಳಿತದ 356ನೇ ವಿಧಿ ಬಳಸಿದ್ದನ್ನ ಕೋರ್ಟು ತಪಾಸಣೆ ಮಾಡಬಹುದು. ನೀ ಒಡಿಶಾದ ಬಗ್ಗೆ ಹೇಳಿದ ಮಾತು ಇತ್ತಲ್ಲ, ಸದನದಾಗ ಎಣಿಸ್ರಿ ಅಂತ, ಅದ ಈ ದೇಶದ ಕಾಯ್ದೆ ಆತು. ಅದರ ಮ್ಯಾಲ ಇರೂ ಹೆಸರು ಒಬ್ಬ ಕನ್ನಡಿಗಂದು.

ಸದಸ್ಯೆ: ಹಂಗಾದ್ರ ಜತ್ತಿಯವರ ಒಳಗ ಎರಡೂ ಅದಾವ. 1973ರ ಒಡಿಶಾದಾಗ ಕೇಳದ ಕೊಟ್ಟ ಶಿಫಾರಸು, 1977ರ ದಿಲ್ಲಿಯೊಳಗ ಕೇಳಿ ಹಾಕಿದ ಸಹಿ.

ವಕೀಲರು: ಹೌದು. ಅದಕ್ಕ ಅವರ ಬದುಕು ಓದಾಕ ಯೋಗ್ಯ ಐತಿ. ದೊಡ್ಡವರ ಬಗ್ಗೆ ಮಾತಾಡಾಗ ಒಂದ ಪೂಜೆ ಮಾಡ್ತೀವಿ, ಇಲ್ಲಾ ಕಸದಾಗ ಒಗೀತೀವಿ. ಎರಡರಿಂದಲೂ ಕಲಿಯೂದು ನಿಲ್ತೈತಿ. 1977ರ ಜುಲೈ 25ಕ್ಕ ನೀಲಂ ಸಂಜೀವ ರೆಡ್ಡಿಯವರು ಅವಿರೋಧವಾಗಿ ರಾಷ್ಟ್ರಪತಿ ಆಗಿ ಬಂದ್ರು. ಜತ್ತಿ ಎದ್ದು ತಮ್ಮ ಹಳೇ ಜಾಗಾಕ್ಕ, ರಾಜ್ಯಸಭೆಯ ಸಭಾಪತಿ ಸ್ಥಾನಕ್ಕ ತಿರುಗಿ ಹೋದ್ರು. 1979ರ ಆಗಸ್ಟದಾಗ ಅವಧಿ ಮುಗೀತು. ಆಮ್ಯಾಲ ಇಪ್ಪತ್ತೆರಡು ವರ್ಷದ ಮ್ಯಾಲ ಬದುಕಿದ್ರು, 2002ರ ಜೂನ್ 7ಕ್ಕ ಬೆಂಗಳೂರಿನ್ಯಾಗ ತೀರಿಕೊಂಡ್ರು. ಬಸವ ಸಮಿತಿ ಅವರ ನಂತರವೂ ನಡೀತು. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ವಚನಗಳ ಸಂಪುಟ ಆ ಸಮಿತಿಯಿಂದ ದೇಶದ ಎಷ್ಟೋ ಭಾಷೆಗೆ ಹೋಗೈತಿ. ಕಟ್ಟಿದವರು ಹೋದಮ್ಯಾಲೂ ನಡಿಯೂ ಸಂಸ್ಥೆ ಅಂದ್ರ ಚಾರ್ಜು ಸರಿಯಾಗಿ ಕೊಟ್ಟಾರ ಅಂತ ಅರ್ಥ.

ಸದಸ್ಯೆ: ಕಾಕಾ, ಈಗ ನಾ ಏನು ಹೇಳಬೇಕು ಅಂತ ತಿಳೀತು. ನಿಮ್ಮ ಮಾತಿಗೆ ಒಂದು ಸೇರಸ್ತೀನಿ. ಅಧಿಕಾರ ಬಿಟ್ಟುಕೊಡೂದು ಅರ್ಧ ಕೆಲಸ. ಕುಂತಿದ್ದಾಗ ಕೇಳೂದು ಉಳಿದರ್ಧ. ಜತ್ತಿಯವರು ಮೊದಲನೇದನ್ನ ಭಾಳ ಸಲ ಮಾಡಿದ್ರು, ಎರಡನೇದನ್ನ ಕೆಲವು ಸಲ ಬಿಟ್ರು. ಬಿಟ್ಟಾಗೆಲ್ಲಾ ನಷ್ಟ ಆದದ್ದು ಕುಳಕ್ಕ, ಜೈಲಿನ್ಯಾಗ ಇದ್ದವರಿಗೆ, ಒಡಿಶಾದ ಮತದಾರರಿಗೆ.

ವಕೀಲರು: ಅದನ್ನ ಹಂಗ ಹೇಳು. ಅವರು ಇದ್ದಿದ್ರ ಅವರೂ ಬ್ಯಾಡ ಅಂತಿರಲಿಲ್ಲ ಅಂತ ನನ್ನ ನಂಬಿಕೆ.

ಸದಸ್ಯೆ: ನಮ್ಮ ಹೆಣ್ಮಕ್ಕಳಿಗೆ ಇದು ನೇರ ಹತ್ತೂ ಮಾತು. ಎಷ್ಟು ಕಡೆ ಠರಾವಿನ ಪುಸ್ತಕ ಮನಿಗೆ ಬರ್ತೈತಿ, ಗಂಡಸರು ‘ಇಲ್ಲಿ ಸಹಿ ಹಾಕು’ ಅಂತಾರ, ಹಾಕಿ ಕೊಡ್ತಾರ. ನಾ ಹೇಳೂದು ಇಷ್ಟ: ಸಹಿ ಹಾಕೂ ಮೊದಲು ಓದ್ರಿ. ಓದಾಕ ಬರದಿದ್ರ ಓದಿಸಿ ಕೇಳ್ರಿ. ತಿಳೀಲಿಲ್ಲಂದ್ರ ಒಂದು ದಿನ ತಡೀರಿ, ಬೈದ್ರೂ ತಡೀರಿ. ದೇಶದ ರಾಷ್ಟ್ರಪತಿನ ಒಂದು ದಿನ ತಡದಾರ. ಆದ್ರ ಮತ ಎಣಿಕಿ ಆಗಿ ಇನ್ನೊಬ್ಬಾಕಿ ಗೆದ್ದ ದಿನ ಒಂದು ತಾಸೂ ತಡೀಬ್ಯಾಡ್ರಿ. ಕೀಲಿ, ಪುಸ್ತಕ, ಲೆಕ್ಕ ಎಲ್ಲಾ ಅಕಿ ಕೈಯಾಗ ಇಟ್ಟು, ಯಾವ ಕೆಲಸ ಅರ್ಧ ಉಳದೈತಿ ಅಂತ ಹೇಳಿ ಬರ್ರಿ.

ವಕೀಲರು: ಅರ್ಧ ಉಳದದ್ದರ ಪಟ್ಟಿ ನೀನೂ ಬರದು ಇಟ್ಟಿ ಏನು?

ಸದಸ್ಯೆ: ಆರಿಸಿ ಬಂದ ವಾರನ ಸುರು ಮಾಡೀನ್ರಿ. ಮೊದಲನೇ ಹೆಸರು ಕೆರಿ ಕಡೆ ಹೋಗೂ ಗಟಾರಿಂದು. ನನ್ನ ಅವಧಿಯಾಗ ಮುಗದ್ರ ಗೆರಿ ಹೊಡಿತೀನಿ, ಮುಗೀಲಿಲ್ಲಂದ್ರ ಮುಂದಿನಾಕಿಗೆ ಎಲ್ಲಿ ನಿಂತೈತಿ, ಯಾಕ ನಿಂತೈತಿ ಅಂತ ಬರದು ಕೊಡ್ತೀನಿ.